ಬಿಳುಪು ಬಲ್ಲ ಕಣ್ಣು

ಪ್ರಶ್ನೆ: ನಮ್ಮೂರ ಫಿಲ್ಮ್ ಸೊಸೈಟಿಯಲ್ಲಿ ಒಂದೇ ವಾರದೊಳಗೆ ಆಂಟೋನಿಯೋನಿಯವರ ‘ಲಾ ನೋತ್ತೆ’ ಮತ್ತು ಫೆಲಿನಿಯವರ ‘ಎಂಟೂವರೆ’ ನೋಡಿದೆ. ಒಂದು ತಣ್ಣಗಿನ ಬೂದು ಚಿತ್ರ, ಇನ್ನೊಂದು ಜಾತ್ರೆಯ ಹಾಗೆ ಝಗಝಗಿಸುವ ಚಿತ್ರ. ಆದರೆ ಎರಡರಲ್ಲೂ ಛಾಯಾಗ್ರಾಹಕರ ಹೆಸರು ಒಂದೇ: ಜಾನ್ನಿ ದಿ ವೆನಾಂಜೊ. ಇವರು ಯಾರು? ಒಬ್ಬರೇ ಇಷ್ಟು ಬೇರೆ ಬೇರೆಯಾಗಿ ಕಾಣುವ ಚಿತ್ರಗಳನ್ನು ತೆಗೆದದ್ದು ಹೇಗೆ? ಛಾಯಾಗ್ರಾಹಕರಿಗೆ ತಮ್ಮದೇ ಒಂದು ಶೈಲಿ ಇರಬೇಡವೇ?
– ಒಬ್ಬ ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ನಿಮ್ಮ ಒಗಟನ್ನು ಬಿಡಿಸುವ ಮೊದಲು ಅದಕ್ಕೆ ಇನ್ನೊಂದು ಗಂಟು ಹಾಕುತ್ತೇನೆ. ‘ಲಾ ನೋತ್ತೆ’ ತೆರೆ ಕಂಡದ್ದು 1961ರಲ್ಲಿ, ‘ಎಂಟೂವರೆ’ 1963ರಲ್ಲಿ. ಇವೆರಡರ ನಡುವೆ, 1962ರಲ್ಲಿ, ದಿ ವೆನಾಂಜೊ ಛಾಯಾಗ್ರಹಣದ ಇನ್ನೆರಡು ಮುಖ್ಯ ಚಿತ್ರಗಳು ಬಂದವು. ಒಂದು ಆಂಟೋನಿಯೋನಿಯವರದೇ ‘ಲೆಕ್ಲಿಸ್ಸೆ’, ಎಂದರೆ ಗ್ರಹಣ. ಇನ್ನೊಂದು ಫ್ರಾಂಚೆಸ್ಕೊ ರೋಸಿಯವರ ‘ಸಾಲ್ವತೋರೆ ಜೂಲಿಯಾನೊ’. ಈ ಕಡೆಯದು ನೀವು ನೋಡಿದ ಎರಡನ್ನೂ ಹೋಲುವುದಿಲ್ಲ. ಪತ್ರಿಕೆಯ ಫೋಟೋಗ್ರಾಫರ್ ಒಬ್ಬ ರಣಬಿಸಿಲಲ್ಲಿ ಓಡಾಡಿ ತೆಗೆದ ಚಿತ್ರಗಳನ್ನು ಜೋಡಿಸಿಟ್ಟ ಹಾಗಿದೆ ಅದು. ಇಟಲಿಯ ಸಿನಿಮಾದ ಕಡೆಗೆ ಜಗತ್ತೇ ಕಣ್ಣರಳಿಸಿ ನೋಡುತ್ತಿದ್ದ ಆ ಎರಡು ಮೂರು ವರ್ಷಗಳಲ್ಲಿ, ಒಬ್ಬರಿಗೊಬ್ಬರು ಯಾವ ಸಾಮ್ಯವೂ ಇಲ್ಲದ ಮೂವರು ದೊಡ್ಡ ನಿರ್ದೇಶಕರು ತಮ್ಮ ಅತಿ ಮುಖ್ಯ ಚಿತ್ರಗಳಿಗೆ ಇವರನ್ನೇ ಕರೆದರು. ಹಾಗಾಗಿ ಎರಡು ಚಿತ್ರ ಹೇಗೆ ಬೇರೆಯಾದವು ಎಂದು ಕೇಳಿದರೆ ಸಾಲದು, ಮೂರು ಲೋಕ ಹೇಗೆ ಬೇರೆಯಾದವು ಎಂದೇ ಕೇಳಬೇಕು.

ದಿ ವೆನಾಂಜೊ ಹುಟ್ಟಿದ್ದು 1920ರ ಡಿಸೆಂಬರ್ 18ರಂದು, ತೇರಮೊ ಎಂಬ ಊರಿನಲ್ಲಿ. ರೋಮಿನಿಂದ ಪೂರ್ವಕ್ಕೆ, ಗ್ರಾನ್ ಸಾಸ್ಸೊ ಬೆಟ್ಟಸಾಲಿಗೂ ಏಡ್ರಿಯಾಟಿಕ್ ಕಡಲಿಗೂ ನಡುವೆ ಇರುವ ಅಬ್ರುತ್ಸೊ ಸೀಮೆಯ ಊರು ಅದು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗ ಕ್ಯಾಮೆರಾ ಸಹಾಯಕರಾಗಿ ಕೆಲಸ ಹಿಡಿದರು. ಇಟಲಿಯ ಪದ್ಧತಿಯಲ್ಲಿ ಆಗ ಕ್ಯಾಮೆರಾ ತಂಡಕ್ಕೆ ಮೂರು ಮೆಟ್ಟಿಲು. ಕೆಳಗೆ ಸಹಾಯಕ: ಮ್ಯಾಗಜಿನ್‌ಗೆ ಫಿಲ್ಮ್ ತುಂಬುವುದು, ಫೋಕಸ್ ಹಿಡಿಯುವುದು ಇವನ ಕೆಲಸ. ನಡುವೆ ಆಪರೇಟರ್: ಕ್ಯಾಮೆರಾಕ್ಕೆ ಕಣ್ಣಿಟ್ಟು ಅದನ್ನು ನಿಜವಾಗಿ ತಿರುಗಿಸುವವನು ಇವನೇ. ಮೇಲೆ ಛಾಯಾಗ್ರಹಣ ನಿರ್ದೇಶಕ: ಬೆಳಕು ಎಲ್ಲಿಂದ, ಎಷ್ಟು, ಹೇಗೆ ಎಂದು ತೀರ್ಮಾನಿಸುವವನು. ದಿ ವೆನಾಂಜೊ ಈ ಮೂರೂ ಮೆಟ್ಟಿಲನ್ನು ಒಂದೊಂದಾಗಿ ಹತ್ತಿದವರು. ಅವರ ಕೆಲಸದ ಗುಟ್ಟು ಅರ್ಧ ಇಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಏಕೆಂದರೆ ಅವರು ಸಹಾಯಕರಾಗಿ ನಿಂತ ಸೆಟ್ಟುಗಳು ಸಾಮಾನ್ಯದವಲ್ಲ. 1945ರಲ್ಲಿ ರೊಸ್ಸೆಲಿನಿ ‘ರೋಮ್ ಓಪನ್ ಸಿಟಿ’ ತೆಗೆದಾಗ ನಗರ ಆಗಷ್ಟೇ ನಾತ್ಸಿಗಳ ಕೈಯಿಂದ ಬಿಡುಗಡೆಯಾಗಿತ್ತು. ವಿದ್ಯುತ್ತಿಗೂ ಫಿಲ್ಮಿಗೂ ಪರದಾಟ. ಉಬಾಲ್ದೊ ಅರಾತ ಅವರ ಛಾಯಾಗ್ರಹಣ, ಕೆಳಗಿನ ಹುಡುಗರ ಗುಂಪಿನಲ್ಲಿ ದಿ ವೆನಾಂಜೊ. ಇದ್ದುದರಲ್ಲೇ ಬೆಳಕು ಹುಡುಕಿಕೊಳ್ಳಬೇಕಾದ ಆ ಪಾಠ ಯಾವ ಸಿನಿಮಾ ಶಾಲೆಯಲ್ಲೂ ಸಿಗುವಂಥದ್ದಲ್ಲ. 1952ರಲ್ಲಿ ಭಾರತದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ಮುಂಬಯಿಯಲ್ಲಿ ಆರಂಭವಾಗಿ ಮದರಾಸು, ದೆಹಲಿ, ಕಲ್ಕತ್ತಗಳಿಗೂ ಹೋದಾಗ ಅಲ್ಲಿ ತೋರಿಸಿದ ಇಟಲಿಯ ಚಿತ್ರಗಳಲ್ಲಿ ಇದೂ ಒಂದು.

ಅಲ್ಲಿಂದ ಮುಂದಿನ ದೊಡ್ಡ ಪಾಠ ಸಿಸಿಲಿಯಲ್ಲಿ. 1947ರ ಕೊನೆಗೆ ಲುಕಿನೊ ವಿಸ್ಕೋಂತಿಯವರು ಆಚಿ ತ್ರೆತ್ಸಾ ಎಂಬ ಮೀನುಗಾರರ ಹಳ್ಳಿಗೆ ಹೋಗಿ ‘ಲಾ ತೆರ್ರಾ ತ್ರೆಮಾ’ ತೆಗೆದರು. ನಟರು ಅದೇ ಹಳ್ಳಿಯ ಮೀನುಗಾರರು, ಮನೆಗಳು ಅವರದೇ ಮನೆಗಳು. ರಾತ್ರಿ ದೋಣಿಗಳಲ್ಲಿ ದೀಪ ಹಚ್ಚಿಕೊಂಡು ಕಡಲಿಗಿಳಿಯುವ ದೃಶ್ಯಗಳನ್ನು ನಮ್ಮ ಕರಾವಳಿಯವರು ನೋಡಿದರೆ ಪರಿಚಯದವರನ್ನು ಕಂಡಂತೆ ಆದೀತು. ಛಾಯಾಗ್ರಹಣ ಜಿ. ಆರ್. ಆಲ್ದೊ ಅವರದು. ಫ್ರಾನ್ಸಿನಲ್ಲಿ ಸ್ಟಿಲ್ ಫೋಟೋಗ್ರಾಫರ್ ಆಗಿದ್ದ ಇವರಿಗೆ ಇದು ಮೊದಲ ಚಿತ್ರ. ಆಪರೇಟರ್ ದಿ ವೆನಾಂಜೊ. ವಿಸ್ಕೋಂತಿಯವರ ಸಹಾಯಕ ನಿರ್ದೇಶಕರಿಬ್ಬರಲ್ಲಿ ಒಬ್ಬರು ನೇಪಲ್ಸಿನ ತರುಣ ಫ್ರಾಂಚೆಸ್ಕೊ ರೋಸಿ. ಈ ಮೂರು ಹೆಸರುಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಕೊನೆಗೆ ಮತ್ತೆ ಬೇಕಾಗುತ್ತವೆ.

ಮೇಲಿನ ಮೆಟ್ಟಿಲಿಗೆ ದಿ ವೆನಾಂಜೊ ಕಾಲಿಟ್ಟದ್ದು 1951ರಲ್ಲಿ, ಕಾರ್ಲೊ ಲಿತ್ಸಾನಿಯವರ ‘ಅಖ್ತುಂಗ್! ಬಂದೀತಿ!’ ಚಿತ್ರದ ಮೂಲಕ. ಜರ್ಮನರ ವಿರುದ್ಧ ಹೋರಾಡಿದ ಜನರ ಕಥೆ ಅದು. ಜೆನೋವಾ ಸೀಮೆಯ ಪ್ರೇಕ್ಷಕರೇ ಸಹಕಾರ ಸಂಘ ಕಟ್ಟಿ ಹಣ ಕೂಡಿಸಿದ್ದರು. ಎರಡು ವರ್ಷದ ಮೇಲೆ ಬಂದ ‘ಲಾಮೋರೆ ಇನ್ ಚಿತ್ತಾ’ ಎಂಬ ಚಿತ್ರ ನಿಮ್ಮ ಪ್ರಶ್ನೆಗೆ ತುಂಬ ಹತ್ತಿರದ್ದು. ರೋಮಿನಲ್ಲಿ ಪ್ರೀತಿಯ ಪಾಡು ಏನು ಎಂಬುದನ್ನು ಬೇರೆ ಬೇರೆ ನಿರ್ದೇಶಕರು ಆರು ಕಂತುಗಳಲ್ಲಿ ಹೇಳಿದ ಚಿತ್ರ ಅದು. ಒಂದು ಕಂತು ಆಂಟೋನಿಯೋನಿಯವರದು, ಇನ್ನೊಂದು ಫೆಲಿನಿಯವರದು. ಆರಕ್ಕೂ ಛಾಯಾಗ್ರಾಹಕರು ಒಬ್ಬರೇ, ದಿ ವೆನಾಂಜೊ. ನೀವು ಒಂದೇ ವಾರದಲ್ಲಿ ಎದುರುಬದುರು ಇಟ್ಟು ನೋಡಿದ ಇಬ್ಬರು ನಿರ್ದೇಶಕರು 1953ರಲ್ಲೇ ಒಂದೇ ಚಿತ್ರದೊಳಗೆ ಈ ಒಬ್ಬ ಮನುಷ್ಯನ ಕ್ಯಾಮೆರಾದ ಪಕ್ಕ ನಿಂತಿದ್ದರು. ಬೆಳಿಗ್ಗೆ ಒಬ್ಬರ ಮನಸ್ಸನ್ನೂ ಸಂಜೆ ಇನ್ನೊಬ್ಬರ ಮನಸ್ಸನ್ನೂ ಓದುವ ಅಭ್ಯಾಸ ಅವರಿಗೆ ಆಗಲೇ ಆಗಿಹೋಗಿತ್ತು.

ಈಗ ಬೆಳಕಿನ ವಿಷಯಕ್ಕೆ ಬರುತ್ತೇನೆ.

ಮಲೆನಾಡಿನ ಹಳೆಯ ತೊಟ್ಟಿ ಮನೆಯಲ್ಲಿ ಮಧ್ಯಾಹ್ನ ಜಗಲಿಯ ಮೇಲೆ ಕೂತಿದ್ದೀರಾ? ಬಿಸಿಲು ನೇರವಾಗಿ ಬೀಳುವುದು ಅಂಗಳಕ್ಕೆ. ಜಗಲಿಯ ಮೇಲೆ ಕೂತು ಅಡಿಕೆ ಸುಲಿಯುವವರ ಮುಖಕ್ಕೆ ಬೀಳುವ ಬೆಳಕು ಆ ಬಿಸಿಲಿನದಲ್ಲ, ಅಂಗಳದ ನೆಲಕ್ಕೋ ಸುಣ್ಣದ ಗೋಡೆಗೋ ಬಡಿದು ಮರಳಿದ ಬೆಳಕು. ಅದಕ್ಕೆ ಅಂಚಿಲ್ಲ. ಮೂಗಿನ ಪಕ್ಕ ಕತ್ತರಿಸಿದಂಥ ನೆರಳಿಲ್ಲ. ಕೆನ್ನೆಯಿಂದ ಕುತ್ತಿಗೆಗೆ ಇಳಿಯುವಾಗ ಎಲ್ಲಿ ಬೆಳಕು ಮುಗಿಯಿತು, ಎಲ್ಲಿ ನೆರಳು ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ನಮ್ಮ ಸೆಟ್ಟುಗಳಲ್ಲಿ ಇದನ್ನೇ ಬೌನ್ಸ್ ಲೈಟ್ ಎನ್ನುತ್ತಾರೆ. ಥರ್ಮಾಕೋಲ್ ಹಲಗೆ ಹಿಡಿದು ನಿಂತ ಲೈಟ್‌ಬಾಯ್ ಮಾಡುತ್ತಿರುವುದು ಸುಣ್ಣದ ಗೋಡೆಯ ಕೆಲಸವನ್ನೇ.

ಐವತ್ತರ ದಶಕದಲ್ಲಿ ಸ್ಟುಡಿಯೋಗಳ ವಾಡಿಕೆ ಹೀಗಿರಲಿಲ್ಲ. ಮೇಲಿನ ಅಟ್ಟಣಿಗೆಯಿಂದ ದೊಡ್ಡ ದೊಡ್ಡ ದೀಪಗಳನ್ನು ನೇರವಾಗಿ ಬಿಡುತ್ತಿದ್ದರು. ನಾಯಕಿಯ ಮುಖಕ್ಕೊಂದು, ಕೂದಲ ಅಂಚಿಗೊಂದು, ಹಿಂದಿನ ಗೋಡೆಗೊಂದು. ಕಥೆಯೊಳಗೆ ಕಿಟಕಿ ಎಲ್ಲೇ ಇರಲಿ, ಹೊತ್ತು ಯಾವುದೇ ಇರಲಿ, ನಾಯಕಿಯ ಕೂದಲು ಮಾತ್ರ ಮಿನುಗುತ್ತಿರಬೇಕು. ಈ ವಾಡಿಕೆಯನ್ನು ಇಟಲಿಯಲ್ಲಿ ಮುರಿದವರಲ್ಲಿ ದಿ ವೆನಾಂಜೊ ಮೊದಲ ಸಾಲಿನವರು. ಚಿಕ್ಕ ಫೋಟೋಫ್ಲಡ್ ಬಲ್ಬುಗಳು, ಗೋಡೆಗೋ ಛಾವಣಿಗೋ ಬಡಿದು ಹರಡುವ ಬೆಳಕು, ನಿಜವಾದ ಕಿಟಕಿ ಇರುವ ದಿಕ್ಕಿನಿಂದಲೇ ಬರುವ ಬೆಳಕು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇಲ್ಲಿ ಸುಬ್ರತ ಮಿತ್ರ ಅವರು ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಚಿತ್ರಕ್ಕೆ ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದಲ್ಲಿ ಹಾಕಿಸಿ, ಮೇಲೆ ಬಿಳಿ ಬಟ್ಟೆ ಬಿಗಿದು, ದೀಪಗಳನ್ನು ಆ ಬಟ್ಟೆಗೆ ಹಾಯಿಸಿ ಆಕಾಶದ ಬೆಳಕನ್ನು ಇಳಿಸಿದ್ದರು. ಪ್ರತಿಫಲಿಸಿದ ಬೆಳಕಿಗೆ ಇನ್ನೊಂದು ದಾರಿಯೂ ಇದೆ. ನಮ್ಮ ಮೈಸೂರಿನ ವಿ. ಕೆ. ಮೂರ್ತಿಯವರು ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ದೊಡ್ಡ ಕನ್ನಡಿಗಳಿಂದ ಬಿಸಿಲನ್ನು ಸ್ಟುಡಿಯೋದೊಳಗೆ ತಿರುಗಿಸಿ ಆ ಪ್ರಸಿದ್ಧ ಬೆಳಕಿನ ಕಂಬ ನಿಲ್ಲಿಸಿದರಲ್ಲ, ಅದು. ಕನ್ನಡಿ ಬೆಳಕನ್ನು ಬಾಣ ಮಾಡುತ್ತದೆ, ಸುಣ್ಣದ ಗೋಡೆ ಅದನ್ನು ಮಂಜು ಮಾಡುತ್ತದೆ. ದಿ ವೆನಾಂಜೊ ಗೋಡೆಯ ಪಕ್ಷದವರು.

ಇಟಲಿಯಲ್ಲಿ ಇನ್ನೊಂದು ಅನುಕೂಲವಿತ್ತು. ಅಲ್ಲಿ ಮಾತುಗಳನ್ನೆಲ್ಲ ಆಮೇಲೆ ಡಬ್ಬಿಂಗ್‌ನಲ್ಲಿ ಸೇರಿಸುವುದು ಆಗ ರೂಢಿಯಾಗಿತ್ತು. ಕ್ಯಾಮೆರಾ ಗರಗರ ಸದ್ದು ಮಾಡಿದರೂ ನಡೆಯುತ್ತಿತ್ತು. ಸದ್ದು ಮುಚ್ಚಲು ಭಾರವಾದ ಕವಚ ಹೊದಿಸಬೇಕಿರಲಿಲ್ಲ. ಹಾಗಾಗಿ ಇಕ್ಕಟ್ಟಾದ ನಿಜ ಮನೆಗಳಿಗೂ ಓಣಿಗಳಿಗೂ ಕ್ಯಾಮೆರಾ ಹಗುರವಾಗಿ ನುಗ್ಗಬಹುದಿತ್ತು.

ಇನ್ನು ಮೂರು ಲೋಕಗಳು. ಆಂಟೋನಿಯೋನಿಯವರ ಜೊತೆ ದಿ ವೆನಾಂಜೊ ತೆಗೆದ ಪೂರ್ಣ ಚಿತ್ರಗಳು ನಾಲ್ಕು: ‘ಲೆ ಅಮೀಕೆ’ (1955), ‘ಇಲ್ ಗ್ರೀದೊ’ (1957), ‘ಲಾ ನೋತ್ತೆ’, ‘ಲೆಕ್ಲಿಸ್ಸೆ’. ನನಗೆ ಇವುಗಳಲ್ಲಿ ಬಲು ಇಷ್ಟವಾದದ್ದು ‘ಇಲ್ ಗ್ರೀದೊ’. ಉತ್ತರ ಇಟಲಿಯ ಪೋ ನದಿಯ ಬಯಲು, ಚಳಿಗಾಲ, ಹೆಂಗಸೊಬ್ಬಳು ಬಿಟ್ಟುಹೋದ ಮೇಲೆ ಪುಟ್ಟ ಮಗಳ ಕೈ ಹಿಡಿದು ಊರೂರು ಅಲೆಯುವ ಕಾರ್ಮಿಕ. ಇಡೀ ಚಿತ್ರದಲ್ಲಿ ಸೂರ್ಯ ಕಂಡ ನೆನಪೇ ಆಗುವುದಿಲ್ಲ. ಕೆಸರಿನ ದಾರಿಗೂ ಆಕಾಶಕ್ಕೂ ನಡುವಿನ ಗೆರೆ ಮಂಜಿನಲ್ಲಿ ಅಳಿಸಿಹೋಗಿದೆ. ದುಃಖದ ಕಥೆಗೆ ಕಪ್ಪು ನೆರಳು ಬೇಕು ಎಂಬುದು ರೂಢಿಯ ಲೆಕ್ಕ. ಇಲ್ಲಿ ಕಪ್ಪಿಗಿಂತ ಬೂದು ಹೆಚ್ಚು ನೋಯಿಸುತ್ತದೆ, ಏಕೆಂದರೆ ಆ ಮನುಷ್ಯನಿಗೆ ಅಡಗಲು ಒಂದು ನೆರಳೂ ಸಿಗುವುದಿಲ್ಲ. ಇಟಲಿಯ ಸಿನಿಮಾ ಪತ್ರಕರ್ತರು ಕೊಡುವ ‘ಬೆಳ್ಳಿ ರಿಬ್ಬನ್’ ಪ್ರಶಸ್ತಿ ದಿ ವೆನಾಂಜೊ ಅವರಿಗೆ ಬಂದದ್ದು ಈ ಚಿತ್ರಕ್ಕೆ. ಮುಂದೆ ‘ಸಾಲ್ವತೋರೆ ಜೂಲಿಯಾನೊ’, ‘ಎಂಟೂವರೆ’ಗಳಿಗೂ ಬಂತು.

‘ಲಾ ನೋತ್ತೆ’ಯ ಮೊದಲ ದೃಶ್ಯ ನಿಮಗೆ ನೆನಪಿರಬೇಕು. ಮಿಲಾನಿನ ಪಿರೆಲ್ಲಿ ಗೋಪುರದ ತುದಿಯಿಂದ ಕ್ಯಾಮೆರಾ ಗಾಜಿನ ಗೋಡೆಯುದ್ದಕ್ಕೂ ನಿಧಾನವಾಗಿ ಕೆಳಗಿಳಿಯುತ್ತದೆ. ಗಾಜಿನಲ್ಲಿ ಊರು ತೇಲುತ್ತದೆ. ಅಲ್ಲಿಂದ ಮುಂದೆ ಇಡೀ ಚಿತ್ರದಲ್ಲಿ ಗಾಜು, ಗಾಜಿನಾಚೆಗೆ ಮನುಷ್ಯರು. ಒಂದು ಹಗಲು, ಒಂದು ರಾತ್ರಿ, ಕೊನೆಗೆ ಗಾಲ್ಫ್ ಮೈದಾನದ ಮೇಲೆ ಬೆಳಗಾಗುವುದು. ಆ ಬೆಳಗಿನ ಬೆಳಕನ್ನು ಗಮನಿಸಿ. ಗಂಡ ಹೆಂಡತಿಯ ಮೇಲೆ ಅದು ದಯೆಯನ್ನೂ ತೋರಿಸುವುದಿಲ್ಲ, ಕ್ರೌರ್ಯವನ್ನೂ ತೋರಿಸುವುದಿಲ್ಲ, ಬರೀ ಹೊತ್ತಾಗಿದೆ ಎಂದು ಹೇಳುತ್ತದೆ. ‘ಲೆಕ್ಲಿಸ್ಸೆ’ಗೆ ಹಿಂದಿನ ಪ್ರೇರಣೆಯೂ ಬೆಳಕಿನದೇ. 1961ರ ಫೆಬ್ರವರಿ 15ರಂದು ಇಟಲಿಯಲ್ಲಿ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ಆಂಟೋನಿಯೋನಿ ಅದನ್ನು ಚಿತ್ರೀಕರಿಸಲು ಫ್ಲಾರೆನ್ಸಿಗೆ ಹೋಗಿದ್ದರು. ಆ ಹೊತ್ತಿನ ಮೌನ, ಆ ಬಣ್ಣಗೆಟ್ಟ ಬೆಳಕು ಅವರ ಮನಸ್ಸಿನಲ್ಲಿ ಉಳಿಯಿತು. ಚಿತ್ರದಲ್ಲಿ ಗ್ರಹಣದ ಒಂದು ದೃಶ್ಯವೂ ಇಲ್ಲ. ಆದರೆ ಕೊನೆಯ ಸುಮಾರು ಏಳು ನಿಮಿಷ ನಾಯಕನೂ ಇಲ್ಲ, ನಾಯಕಿಯೂ ಇಲ್ಲ. ಅವರು ಭೇಟಿಯಾಗುತ್ತಿದ್ದ ರೋಮಿನ ಹೊಸ ಬಡಾವಣೆಯ ಮೂಲೆ, ಸೋರುವ ನೀರಿನ ಪೀಪಾಯಿ, ಖಾಲಿ ರಸ್ತೆ, ಕತ್ತಲಾಗುತ್ತ ಬರುವುದು, ಕಟ್ಟಕಡೆಗೆ ಬೀದಿದೀಪವೊಂದು ಹತ್ತಿಕೊಂಡು ಇಡೀ ಪರದೆಯನ್ನು ಸುಡುವುದು. ಬೀದಿದೀಪ ನೋಡಿ ಎದೆ ಝಲ್ಲೆಂದದ್ದು ನನಗೆ ಅದೊಂದೇ ಸಲ.

ರೋಸಿಯವರ ದಾರಿಯೇ ಬೇರೆ. ಆಚಿ ತ್ರೆತ್ಸಾದಲ್ಲಿ ಜೊತೆಗಿದ್ದ ಗೆಳೆಯನನ್ನು ಅವರು 1958ರ ತಮ್ಮ ‘ಲಾ ಸ್ಫೀದಾ’ ಚಿತ್ರದಿಂದಲೇ ಕರೆದುಕೊಂಡರು. ‘ಸಾಲ್ವತೋರೆ ಜೂಲಿಯಾನೊ’ ಸಿಸಿಲಿಯ ಡಕಾಯಿತನೊಬ್ಬನ ನಿಜ ಕಥೆ. 1950ರ ಜುಲೈ 5ರಂದು ಕಾಸ್ತೆಲ್ವೆತ್ರಾನೊ ಎಂಬ ಊರಿನ ಅಂಗಳವೊಂದರಲ್ಲಿ ಅವನ ಹೆಣ ಸಿಕ್ಕಿತು. ಯಾರು ಕೊಂದರು ಎಂಬ ಬಗ್ಗೆ ಅಧಿಕಾರಿಗಳು ಹೇಳಿದ್ದನ್ನು ಯಾರೂ ನಂಬಲಿಲ್ಲ. ಚಿತ್ರ ಶುರುವಾಗುವುದೇ ಆ ಹೆಣದಿಂದ. ಮೇಲಿನಿಂದ ನೋಡುತ್ತಿರುವ ಕ್ಯಾಮೆರಾ, ಬೋರಲು ಬಿದ್ದ ದೇಹ, ಕಣ್ಣು ಕುಕ್ಕುವ ಬಿಸಿಲು, ಪಂಚನಾಮೆ ಓದುತ್ತಿರುವ ದನಿ. ಇಲ್ಲಿ ಮೃದು ಬೆಳಕಿನ ಮಾತೇ ಇಲ್ಲ. ಚಿತ್ರದುದ್ದಕ್ಕೂ ಜೂಲಿಯಾನೊನ ಮುಖ ನಮಗೆ ಸರಿಯಾಗಿ ಕಾಣಿಸುವುದೇ ಇಲ್ಲ. ದೂರದ ಬೆಟ್ಟದ ಮೇಲೆ ಓಡಾಡುವ ಬಿಳಿ ಕೋಟು ಮಾತ್ರ ಕಾಣುತ್ತದೆ. 1947ರ ಮೇ 1ರಂದು ಪೋರ್ತೆಲ್ಲಾ ದೆಲ್ಲಾ ಜಿನೆಸ್ತ್ರಾ ಎಂಬಲ್ಲಿ ಮೇ ದಿನಾಚರಣೆಗೆ ಸೇರಿದ್ದ ರೈತರ ಮೇಲೆ ಇವನ ತಂಡ ಗುಂಡು ಹಾರಿಸಿ 11 ಜನ ಸತ್ತಿದ್ದರು. ರೋಸಿ ಅದನ್ನು ಅದೇ ಬಯಲಿನಲ್ಲಿ, ಆ ಸೀಮೆಯ ಜನರನ್ನೇ ಸೇರಿಸಿ ಮತ್ತೆ ತೆಗೆದರು. ಅಂಥ ಜಾಗದಲ್ಲಿ ಬೆಳಕನ್ನು ಚೆಂದ ಮಾಡುವುದು ಅನ್ಯಾಯ ಎಂದು ದಿ ವೆನಾಂಜೊ ಅವರಿಗೆ ತಿಳಿದಿತ್ತು ಎಂಬುದಕ್ಕೆ ಪ್ರತಿ ಚೌಕಟ್ಟೂ ಸಾಕ್ಷಿ. ಮರುವರ್ಷದ ‘ಲೆ ಮಾನಿ ಸುಲ್ಲಾ ಚಿತ್ತಾ’ದಲ್ಲಿ ನೇಪಲ್ಸಿನ ಹಳೆಯ ಕಟ್ಟಡವೊಂದು ಕುಸಿದು ಬೀಳುತ್ತದೆ. ಸುದ್ದಿಚಿತ್ರವೋ ಸಿನಿಮಾವೋ ಎಂದು ಒಂದು ಕ್ಷಣ ಗೊಂದಲವಾಗುತ್ತದೆ. ಭೂಮಿ ವ್ಯಾಪಾರಿಗಳೂ ನಗರಸಭೆ ಸದಸ್ಯರೂ ಕೈ ಜೋಡಿಸುವ ಆ ಕಥೆ ವೆನಿಸ್ಸಿನಲ್ಲಿ ‘ಚಿನ್ನದ ಸಿಂಹ’ ಪಡೆಯಿತು. ಬೆಂಗಳೂರಿನಲ್ಲಿರುವ ಪ್ರತಿಯೊಬ್ಬರೂ ಒಮ್ಮೆ ನೋಡಬೇಕಾದ ಚಿತ್ರ.

ನಡುವೆ ಒಂದು ಹಾಸ್ಯಚಿತ್ರವನ್ನೂ ಹೇಳಿಬಿಡುತ್ತೇನೆ. 1958ರಲ್ಲಿ ಮಾರಿಯೊ ಮೊನಿಚೆಲ್ಲಿ ‘ಇ ಸೋಲಿತಿ ಇಞೋತಿ’ ತೆಗೆದರು. ಕಳ್ಳತನ ಮಾಡಲು ಹೋಗಿ ಪೇಚಿಗೆ ಬೀಳುವ ಬಡವರ ಕಥೆ. ನಗೆಚಿತ್ರ ಎಂದರೆ ಮನೆಯ ಮೂಲೆಮೂಲೆಯೂ ಬೆಳಗಬೇಕು ಎಂಬ ವಾಡಿಕೆಯನ್ನು ಬಿಟ್ಟು ಗಂಭೀರ ಚಿತ್ರದ ಬೆಳಕೇ ಬೇಕೆಂದು ಮೊನಿಚೆಲ್ಲಿ ಬಯಸಿದ್ದರು. ದಿ ವೆನಾಂಜೊ ಅದನ್ನೇ ಕೊಟ್ಟರು. ಆ ಕಳ್ಳರ ಹಸಿವು ನಿಜವಾಗಿ ಕಂಡದ್ದರಿಂದಲೇ ನಗು ಗಂಟಲಲ್ಲಿ ಸ್ವಲ್ಪ ಸಿಕ್ಕಿಕೊಳ್ಳುತ್ತದೆ.

‘ಎಂಟೂವರೆ’ಗೆ ಬರೋಣ. ಫೆಲಿನಿಯವರ ‘ಲಾ ದೋಲ್ಚೆ ವೀತಾ’ದವರೆಗೆ ಅವರ ಮೆಚ್ಚಿನ ಛಾಯಾಗ್ರಾಹಕ ಓತೆಲ್ಲೊ ಮಾರ್ತೆಲ್ಲಿ. 1962ರಲ್ಲಿ ಚಿತ್ರ ತೆಗೆಯಲಾಗದೆ ಒದ್ದಾಡುವ ನಿರ್ದೇಶಕನ ಕಥೆ ಕೈಗೆತ್ತಿಕೊಂಡಾಗ ಅವರು ದಿ ವೆನಾಂಜೊ ಅವರನ್ನು ಕರೆದರು. ಇದು ಹಾಸ್ಯಚಿತ್ರ ಎಂಬುದನ್ನು ಮರೆಯಬಾರದೆಂದು ತಮಗೆ ತಾವೇ ಒಂದು ಚೀಟಿ ಬರೆದು ಫೆಲಿನಿ ಕ್ಯಾಮೆರಾಕ್ಕೆ ಅಂಟಿಸಿಕೊಂಡಿದ್ದರು. ಆ ಕ್ಯಾಮೆರಾ ದಿ ವೆನಾಂಜೊ ತಂಡದ್ದೇ. ಚಿತ್ರದಲ್ಲಿ ನೆನಪು, ಕನಸು, ಎಚ್ಚರ ಮೂರೂ ಒಂದರೊಳಗೊಂದು ನುಗ್ಗುತ್ತವೆ, ಯಾವುದು ಯಾವುದೆಂದು ಸಾರಿ ಹೇಳುವ ಮಬ್ಬು ಪರದೆಯಾಗಲಿ ಅಲೆಅಲೆಯಾದ ಚಿತ್ರವಾಗಲಿ ಇಲ್ಲ. ಬೆಳಕೇ ಹೇಳಬೇಕು. ಖನಿಜಜಲದ ಆರೋಗ್ಯಧಾಮದಲ್ಲಿ ಮುದುಕ ಮುದುಕಿಯರು ಛತ್ರಿ ಹಿಡಿದು ನೀರಿಗೆ ಸಾಲು ನಿಂತಿರುವ ದೃಶ್ಯ ನೆನಪು ಮಾಡಿಕೊಳ್ಳಿ. ನೆಲ ಬಿಳಿ, ಬಟ್ಟೆ ಬಿಳಿ, ಆಕಾಶ ಬಿಳಿ. ಎಷ್ಟು ಬಿಳಿಯೆಂದರೆ ವಿವರಗಳೇ ಕರಗಿಹೋಗುವಷ್ಟು. ಕಪ್ಪು ಹ್ಯಾಟಿನ ನಾಯಕ ಮಾಸ್ತ್ರೊಯಾನ್ನಿ ಅದರ ನಡುವೆ ಶಾಯಿಯ ಚುಕ್ಕೆಯ ಹಾಗೆ. ಅಷ್ಟರಲ್ಲಿ ಬಿಳಿ ಉಡುಪಿನ ಕ್ಲಾಡಿಯಾ ಕಾರ್ದಿನಾಲೆ ಬಂದು ನೀರಿನ ಲೋಟ ನೀಡುತ್ತಾಳೆ, ನಾವು ಕನಸಿಗೆ ದಾಟಿದ್ದೇ ತಿಳಿಯುವುದಿಲ್ಲ. ಬಾಲ್ಯದ ಮನೆಯಲ್ಲಿ ಹುಡುಗರನ್ನು ಮೀಯಿಸಿ ಸುತ್ತುವ ಬಟ್ಟೆಯೂ ಬಿಳಿಯೇ.

ಈಗ ನಿಮ್ಮ ಕೊನೆಯ ಪ್ರಶ್ನೆ: ತಮ್ಮದೇ ಶೈಲಿ ಬೇಡವೇ? ದಿ ವೆನಾಂಜೊ ಓತಿಕ್ಯಾತದ ಹಾಗೆ ನಿರ್ದೇಶಕರಿಗೆ ತಕ್ಕ ಬಣ್ಣ ತಾಳಿದರು ಎನ್ನುವುದು ಸುಲಭದ ಉತ್ತರ. ನಾನದನ್ನು ಒಪ್ಪುವುದಿಲ್ಲ. ನೀವು ನೋಡಿದ ಎರಡು ಚಿತ್ರಗಳ ಜೊತೆಗೆ ನಾನು ಹೇಳಿದ ಉಳಿದವನ್ನೂ ಇಟ್ಟು ನೋಡಿ, ಒಂದು ಸಂಗತಿ ಎಲ್ಲದರಲ್ಲೂ ಇದೆ. ಅದು ಬಿಳುಪು. ಕಪ್ಪು-ಬಿಳುಪು ಚಿತ್ರದಲ್ಲಿ ಹೆಚ್ಚಿನ ಛಾಯಾಗ್ರಾಹಕರು ಹೆಸರು ಮಾಡುವುದು ಕಪ್ಪಿನಿಂದ, ನೆರಳಿನಿಂದ. ಬಿಳುಪು ಅಪಾಯದ್ದು. ಸ್ವಲ್ಪ ಹೆಚ್ಚಾದರೆ ಸುಟ್ಟುಹೋಗುತ್ತದೆ, ಕಡಿಮೆಯಾದರೆ ಕೊಳಕಾಗುತ್ತದೆ. ದಿ ವೆನಾಂಜೊ ಆ ಅಪಾಯದ ಅಂಚಿನಲ್ಲೇ ಕೆಲಸ ಮಾಡಿದರು. ಪೋ ಬಯಲಿನ ಮಂಜು, ಜೂಲಿಯಾನೊನ ಕೋಟು, ಅವನ ಹೆಣ ಬಿದ್ದ ಅಂಗಳ, ಮಿಲಾನಿನ ಬೆಳಗು, ಆರೋಗ್ಯಧಾಮದ ಬಿಸಿಲು: ಐದು ಬಿಳುಪು, ಐದರ ಅರ್ಥವೂ ಬೇರೆ. ಒಂದು ಹತಾಶೆ, ಒಂದು ಸುಳಿವು, ಒಂದು ಸಾಕ್ಷ್ಯ, ಒಂದು ಆಯಾಸ, ಒಂದು ಹಂಬಲ.

ಇನ್ನೂ ಒಂದನ್ನು ಪರೀಕ್ಷಿಸಿ ನೋಡಿ. 1962ರ ‘ಲೆಕ್ಲಿಸ್ಸೆ’ಯ ಕೊನೆಯ ಚಿತ್ರ, ಖಾಲಿ ರಸ್ತೆಯಲ್ಲಿ ಉರಿಯುವ ಒಂದು ದೀಪ. 1963ರ ‘ಎಂಟೂವರೆ’ಯ ಕೊನೆಯ ಚಿತ್ರ, ಎಲ್ಲರೂ ಹೊರಟುಹೋದ ಸರ್ಕಸ್ ಕಣದಲ್ಲಿ ಬಿಳಿ ಉಡುಪಿನ ಹುಡುಗನ ಮೇಲೆ ಉಳಿದ ಒಂದು ದೀಪ, ಆಮೇಲೆ ಅದೂ ಆರುವುದು. ಒಬ್ಬ ನಿರ್ದೇಶಕ ಜಗತ್ತಿನ ಮೇಲೆ ನಂಬಿಕೆ ಕಳೆದುಕೊಂಡು ಅಲ್ಲಿಗೆ ಬಂದ, ಇನ್ನೊಬ್ಬ ಜಗತ್ತನ್ನು ಅಪ್ಪಿಕೊಂಡು ಅಲ್ಲಿಗೆ ಬಂದ. ದೀಪ ಹಚ್ಚಿದ ಕೈ ಒಂದೇ. ಶೈಲಿ ಎಂದು ನೀವು ಹುಡುಕುತ್ತಿರುವುದು ಇದನ್ನೇ ಎಂದು ನನ್ನ ಅಭಿಪ್ರಾಯ.

‘ಎಂಟೂವರೆ’ ಆಸ್ಕರ್‌ಗೆ ಐದು ವಿಭಾಗಗಳಲ್ಲಿ ನಾಮನಿರ್ದೇಶನಗೊಂಡು ಎರಡನ್ನು ಗೆದ್ದಿತು: ವಿದೇಶಿ ಚಿತ್ರ ಮತ್ತು ಉಡುಪು ವಿನ್ಯಾಸ. ಛಾಯಾಗ್ರಹಣದ ಪಟ್ಟಿಯಲ್ಲಿ ದಿ ವೆನಾಂಜೊ ಹೆಸರು ಬರಲೇ ಇಲ್ಲ. ಆ ಪ್ರಶಸ್ತಿಯ ಇತಿಹಾಸದಲ್ಲಿ ಇಷ್ಟು ದೊಡ್ಡ ಕಣ್ತಪ್ಪು ಹೆಚ್ಚಿಲ್ಲ.

ಬಣ್ಣದ ಕಾಲ ಅವರಿಗೆ ಚಿಕ್ಕದು. 1965ರಲ್ಲಿ ಸ್ಪೇನಿನ ಗೂಳಿಕಾಳಗದ ಬಗ್ಗೆ ರೋಸಿ ತೆಗೆದ ‘ಇಲ್ ಮೊಮೆಂತೊ ದೆಲ್ಲಾ ವೆರಿತಾ’ದಲ್ಲಿ ದೂರದ ಲೆನ್ಸುಗಳಿಂದ ಕಣದ ಧೂಳನ್ನೂ ರಕ್ತವನ್ನೂ ಮುಖಕ್ಕೆ ತಂದು ನಿಲ್ಲಿಸಿದರು. ಅದೇ ವರ್ಷ ‘ಜೂಲಿಯೆತ್ತಾ ದೆಲ್ಯಿ ಸ್ಪೀರಿತಿ’, ಫೆಲಿನಿಯವರ ಮೊದಲ ಪೂರ್ಣ ಪ್ರಮಾಣದ ವರ್ಣಚಿತ್ರ. ಕೆಂಪು, ಹಸಿರು, ನೇರಳೆಗಳ ದೊಡ್ಡ ದಿಬ್ಬಣವೇ ಹಾದುಹೋಗುವ ಆ ಚಿತ್ರದಲ್ಲೂ ಕಥೆಯ ಒಂಟಿ ಹೆಂಗಸು ಹೆಚ್ಚು ಹೊತ್ತು ಉಡುವುದು ಬಿಳಿಯನ್ನೇ, ಸುತ್ತಲಿನ ಬಣ್ಣಗಳೆಲ್ಲ ಅವಳ ಮೇಲೆ ಏರಿಬರುವಂತೆ ಕಾಣುತ್ತವೆ.

1965ರ ಕೊನೆಗೆ ಅವರು ಹಾಲಿವುಡ್ ನಿರ್ದೇಶಕ ಜೋಸೆಫ್ ಮ್ಯಾಂಕೀವಿಕ್ಸ್ ಅವರ ‘ದಿ ಹನಿ ಪಾಟ್’ ಚಿತ್ರದ ಕೆಲಸದಲ್ಲಿದ್ದರು. ಇಟಲಿಯಲ್ಲೇ ಚಿತ್ರೀಕರಣ. ನಡುವೆ ಕಾಮಾಲೆ ತರುವ ವೈರಲ್ ಹೆಪಟೈಟಿಸ್ ಹಿಡಿಯಿತು. 1966ರ ಫೆಬ್ರವರಿ 3ರಂದು ರೋಮಿನಲ್ಲಿ ತೀರಿಕೊಂಡರು. ವಯಸ್ಸು 45. ಛಾಯಾಗ್ರಾಹಕರು ಸಾಮಾನ್ಯವಾಗಿ ಹಣ್ಣಾಗುವ ವಯಸ್ಸು ಅದು. ಅವರ ಹುಟ್ಟೂರು ತೇರಮೊದಲ್ಲಿ 1996ರಿಂದ ಅವರ ಹೆಸರಿನಲ್ಲಿ ಛಾಯಾಗ್ರಾಹಕರಿಗೆಂದೇ ಒಂದು ಅಂತರರಾಷ್ಟ್ರೀಯ ಪ್ರಶಸ್ತಿ ನಡೆದುಬಂದಿದೆ.

ನಿಮ್ಮ ಸೊಸೈಟಿಯವರನ್ನು ಕೇಳಿ ಮುಂದಿನ ಸಲ ‘ಇಲ್ ಗ್ರೀದೊ’ ಮತ್ತು ‘ಸಾಲ್ವತೋರೆ ಜೂಲಿಯಾನೊ’ಗಳನ್ನು ಹಾಕಿಸಿ. ಸಾಧ್ಯವಾದಷ್ಟು ದೊಡ್ಡ ಪರದೆಯಲ್ಲಿ, ಹಾಲ್ ಪೂರ್ತಿ ಕತ್ತಲು ಮಾಡಿ ನೋಡಿ. ಫೋನಿನಲ್ಲಿ ನೋಡಿದರೆ ನಾನು ಹೇಳಿದ ಬಿಳುಪುಗಳೆಲ್ಲ ಒಂದೇ ಬಿಳುಪಾಗಿ ಕಾಣುತ್ತವೆ.

ನೆನಪಿಟ್ಟುಕೊಳ್ಳಿ ಎಂದಿದ್ದ ಹೆಸರುಗಳ ಬಾಕಿ ತೀರಿಸಿ ಮುಗಿಸುತ್ತೇನೆ. ಆಚಿ ತ್ರೆತ್ಸಾದಲ್ಲಿ ದಿ ವೆನಾಂಜೊ ಅವರಿಗೆ ಗುರುವಾಗಿದ್ದ ಜಿ. ಆರ್. ಆಲ್ದೊ 1953ರಲ್ಲಿ ವಿಸ್ಕೋಂತಿಯವರ ‘ಸೆನ್ಸೊ’ ತೆಗೆಯುತ್ತಿರುವಾಗ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ಚಿತ್ರವನ್ನು ಬೇರೆಯವರು ಮುಗಿಸಿದರು. ‘ದಿ ಹನಿ ಪಾಟ್’ ಅನ್ನು ಮುಗಿಸಿಕೊಟ್ಟವರು ದಿ ವೆನಾಂಜೊ ಅವರ ಆಪರೇಟರ್ ಪಸ್ಕ್ವಲೀನೊ ದೆ ಸಾಂತಿಸ್. ಅವರು ಮುಂದೆ ‘ರೋಮಿಯೊ ಅಂಡ್ ಜೂಲಿಯೆಟ್’ ಚಿತ್ರಕ್ಕೆ, ತಮ್ಮ ಗುರುವಿಗೆ ಸಿಗದ ಆಸ್ಕರ್ ಪಡೆದರು, ರೋಸಿಯವರ ಕ್ಯಾಮೆರಾವನ್ನೂ ವಹಿಸಿಕೊಂಡರು. 1996ರಲ್ಲಿ ಉಕ್ರೇನಿನ ಲ್ವೀವ್‌ನಲ್ಲಿ ರೋಸಿಯವರ ‘ಲಾ ತ್ರೇಗ್ವಾ’ ಚಿತ್ರೀಕರಣದ ನಡುವೆ ದೆ ಸಾಂತಿಸ್ ಹೃದಯಾಘಾತದಿಂದ ತೀರಿಕೊಂಡರು. ಆ ಚಿತ್ರವನ್ನೂ ಇನ್ನೊಬ್ಬರು ಮುಗಿಸಿದರು.